ರಾಜ್ಯಕ್ಕೂ ದಿಲ್ಲಿಗೂ ಒಂದೇ ತಕ್ಕಡಿ: ಸಂಪ್ರದಾಯವಾದಿ ಮತದಾರ ಏನನ್ನು ತೂಗಿ ನೋಡಬೇಕು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಕರ್ನಾಟಕದವರು ವಿಧಾನಸಭೆಗೊಂದು, ಲೋಕಸಭೆಗೊಂದು ಲೆಕ್ಕ ಇಟ್ಟು ಮತ ಹಾಕುತ್ತಾರೆ ಎಂಬುದು ಹೊಸ ಮಾತಲ್ಲ. 1984ರ ಡಿಸೆಂಬರಿನಲ್ಲಿ 28 ಲೋಕಸಭಾ ಸೀಟಿನಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಇದೇ ಜನ, 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. 2013ರಲ್ಲಿ ಕಾಂಗ್ರೆಸ್ 122, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿ 17. 2023ರಲ್ಲಿ ಕಾಂಗ್ರೆಸ್ 135, ಮರುವರ್ಷ ಮತ್ತೆ ಬಿಜೆಪಿ 17. ಸಂಪ್ರದಾಯವಾದಿ ಮತದಾರರಲ್ಲೂ ಒಂದಷ್ಟು ಜನ ಹೀಗೆ ಆಚೀಚೆ ಹೋದವರೇ.

ನನ್ನ ಆತಂಕ ಬೇರೆ. ನಮ್ಮವರಲ್ಲಿ ಬಹಳ ಜನ ಎರಡು ಚುನಾವಣೆಗೆ ಎರಡು ತಕ್ಕಡಿ ಹಿಡಿಯುತ್ತಿದ್ದಾರೆ. ಬೆಂಗಳೂರಿನ ಸಾಲ ಕಂಡರೆ ಕೋಪ, ದಿಲ್ಲಿಯ ಸಾಲ ಕಂಡರೆ ದೇಶಾಭಿವೃದ್ಧಿ. ಇದು ಸಂಪ್ರದಾಯವಾದ ಅಲ್ಲ, ಪಕ್ಷನಿಷ್ಠೆ. ಸಂಪ್ರದಾಯವಾದಿ ಅಂದರೆ ನನ್ನ ಅರ್ಥ ಸರಳ: ದಿನದ ಖರ್ಚಿಗೆ ಸಾಲ ಎತ್ತಬಾರದು, ಊರವರು ಕಟ್ಟಿ ಬೆಳೆಸಿದ ಸಂಸ್ಥೆಗೆ ಸರ್ಕಾರ ಕೈ ಹಾಕಬಾರದು, ಊರಿನ ಕೆಲಸ ಊರಿನಲ್ಲೇ ತೀರ್ಮಾನ ಆಗಬೇಕು. ಈ ಮೂರನ್ನು ಯಾರು ಮುರಿದರೂ ತಪ್ಪು ತಪ್ಪೇ.

ಮೊದಲು ದುಡ್ಡಿನ ವಿಷಯ. 2025-26ರ ರಾಜ್ಯ ಬಜೆಟ್ ₹4,09,549 ಕೋಟಿಯದು. ರಾಜಸ್ವ ಖರ್ಚು, ಅಂದರೆ ದಿನನಿತ್ಯದ ಖರ್ಚು, 3,11,739 ಕೋಟಿ, ರಸ್ತೆ ಕಾಲುವೆಯಂಥ ಬಂಡವಾಳ ಖರ್ಚು 71,336 ಕೋಟಿ, ಹಳೆ ಸಾಲದ ಅಸಲು ಮರುಪಾವತಿ 26,474 ಕೋಟಿ. ರಾಜಸ್ವ ಆದಾಯ 2,92,477 ಕೋಟಿ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇಷ್ಟಕ್ಕೇ 19,262 ಕೋಟಿ ಸಾಲುವುದಿಲ್ಲ. ಅದನ್ನು ಸಾಲ ಮಾಡಿ ತುಂಬಬೇಕು. ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು 51,034 ಕೋಟಿ. ಗ್ಯಾರಂಟಿ ಇಷ್ಟು ದೊಡ್ಡದಾಗದೆ ಇದ್ದಿದ್ದರೆ ಈ ಕೊರತೆ ಬರುತ್ತಿರಲಿಲ್ಲ ಎಂಬುದಕ್ಕೆ ಬೇರೆ ಅರ್ಥಶಾಸ್ತ್ರ ಓದಬೇಕಿಲ್ಲ.

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ತಂದ ರಾಜ್ಯ ನಮ್ಮದು. ಅದರ ಮೂರು ಗೆರೆ: ರಾಜಸ್ವ ಕೊರತೆ ಸೊನ್ನೆ, ವಿತ್ತೀಯ ಕೊರತೆ (ಸಾಲ ಬಿಟ್ಟು ಉಳಿದ ಆದಾಯಕ್ಕಿಂತ ಹೆಚ್ಚಾದ ಖರ್ಚು) ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ವಾರ್ಷಿಕ ಉತ್ಪನ್ನದ, ಶೇ 3ರ ಒಳಗೆ, ಒಟ್ಟು ಸಾಲ ಶೇ 25ರ ಒಳಗೆ. 2004-05ರಿಂದ ಕೋವಿಡ್‌ವರೆಗೆ ನಾವು ರಾಜಸ್ವ ಹೆಚ್ಚುವರಿ ರಾಜ್ಯ ಆಗಿದ್ದೆವು. ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂವರೂ ಆಳಿದ ಕಾಲ ಅದು. ಆ ಶಿಸ್ತು ಯಾವ ಒಂದು ಪಕ್ಷದ ಆಸ್ತಿಯೂ ಅಲ್ಲ. ಅದಕ್ಕೇ ಅದು ಹೋದದ್ದು ಹೊಟ್ಟೆ ಉರಿಸುತ್ತದೆ.

---

ಶರಾವತಿ

ತುಂಗಾತೀರ ಅವರೇ, ಲೆಕ್ಕ ಸರಿ ಇದೆ, ತೀರ್ಮಾನ ಅವಸರದ್ದು. ನಾನು ನಿಮ್ಮ ಪಂಥದವಳಲ್ಲ, ಆದರೂ ನಿಮ್ಮ ತಕ್ಕಡಿಯಲ್ಲೇ ತೂಗೋಣ. ನೀವೇ ಹೇಳಿದ ಮೂರು ಗೆರೆಗಳಲ್ಲಿ ವಿತ್ತೀಯ ಕೊರತೆ ಶೇ 2.95, ಒಟ್ಟು ಸಾಲ ಶೇ 24.91. ಎರಡೂ ಗೆರೆಯ ಒಳಗೇ ಇವೆ. ದಾಟಿದ್ದು ರಾಜಸ್ವ ಕೊರತೆ ಒಂದೇ, ಅದೂ ಶೇ 0.63. ಅದೇ ವರ್ಷ ಕೇಂದ್ರದ ಬಜೆಟ್ ಅಂದಾಜಿನಲ್ಲಿ ವಿತ್ತೀಯ ಕೊರತೆ ಶೇ 4.4, ರಾಜಸ್ವ ಕೊರತೆ ಶೇ 1.5. ಮನೆಗೆಲಸಕ್ಕೆ ಹೋಗುವ ಹೆಂಗಸಿನ ಕೈಗೆ ತಿಂಗಳಿಗೆ ಎರಡು ಸಾವಿರ ಹೋದರೆ ರಾಜ್ಯ ದಿವಾಳಿ ಅನ್ನುವವರು ಈ ಅಂಕಿಯನ್ನೂ ಹೇಳಬೇಕು.

ಇನ್ನೊಂದು. 2023ರಲ್ಲಿ ಬಿಜೆಪಿ ಪ್ರಣಾಳಿಕೆ ಏನು ಹೇಳಿತ್ತು? ಬಿಪಿಎಲ್ ಮನೆಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಉಚಿತ. ಹೆಣ್ಣುಮಕ್ಕಳ ಖಾತೆಗೆ ತಿಂಗಳಾ ದುಡ್ಡು ಹಾಕಲು ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹಿಣ್, ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ. ಕೊಡುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

---

ತುಂಗಾತೀರ

ಶರಾವತಿ ಮೇಡಂ, ಒಪ್ಪಿದೆ. ಅದಕ್ಕೇ ಶೀರ್ಷಿಕೆಯಲ್ಲೇ ಒಂದೇ ತಕ್ಕಡಿ ಎಂದು ಹಾಕಿದ್ದು. ಹಾಲು, ಸಿಲಿಂಡರ್ ಪ್ರಣಾಳಿಕೆ ನನಗೆ ಆಗಲೂ ಸರಿ ಕಂಡಿರಲಿಲ್ಲ. ಕೇಂದ್ರದ ವಿಷಯದಲ್ಲಿ ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ: 2025-26ರಲ್ಲಿ ಅವರ 50.65 ಲಕ್ಷ ಕೋಟಿಯಲ್ಲಿ 11.21 ಲಕ್ಷ ಕೋಟಿ ಬಂಡವಾಳ ಖರ್ಚು. ಕೊರತೆ ಇಳಿಯುವ ದಾರಿಯಲ್ಲಿದೆ. ಆದರೂ ಶೇ 3ರ ಮೂಲ ಗುರಿ ಮುಟ್ಟಿಲ್ಲ. 81 ಕೋಟಿ ಜನರಿಗೆ ಉಚಿತ ಪಡಿತರವನ್ನು 2024ರಿಂದ ಇನ್ನೈದು ವರ್ಷ ಮುಂದುವರಿಸಿದ್ದನ್ನೂ ಇದೇ ತಕ್ಕಡಿಯಲ್ಲಿ ಹಾಕಬೇಕು. ಹಸಿದವರಿಗೆ ಅನ್ನ ಕೊಡುವುದು ಧರ್ಮ, ಅದರಲ್ಲಿ ತಕರಾರಿಲ್ಲ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಹಸಿದವರೇ ಎಂದು ಪಟ್ಟಿ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಶೇ 24.91 ಗೆರೆಯ ಒಳಗೆ ಅಂದಿರಿ. ಹಿಂದಿನ ವರ್ಷದ ಬಜೆಟ್ಟಿನಲ್ಲಿ ಅದು ಶೇ 23.68 ಇತ್ತು. 6,65,095 ಕೋಟಿ ಇದ್ದದ್ದು 7,64,655 ಕೋಟಿ ಆಯಿತು. ಗೆರೆ ಮುಟ್ಟಲು ಉಳಿದಿರುವುದು ಶೇ 0.09. ಅಂಚಿನಲ್ಲಿ ನಿಂತವನಿಗೆ ಬರಗಾಲವೋ ಪ್ರವಾಹವೋ ಬಂದರೆ ಸಾಲ ಎತ್ತಲು ಜಾಗ ಎಲ್ಲಿ ಉಳಿಯಿತು?

---

ಲೆಕ್ಕಪತ್ರ ಹುಬ್ಬಳ್ಳಿ

ಇಬ್ಬರೂ ಸರಿಯಾದ ಅಂಕಿ ಹಾಕ್ಯೀರಿ, ಭಾಳ ಚಲೋ. ಬಜೆಟ್ ಓದೂ ಮುಂದ ಮಂದಿ ಎಲ್ಲಿ ಎಡವತಾರ ಅನ್ನೋದನ್ನ ಇಲ್ಲೇ ಹೇಳಿಬಿಡತೀನಿ, ಮುಂದಿನವರಿಗೆ ಉಪಯೋಗ ಆಗಲಿ.

ಮೊದಲನೇದು, "ಈ ವರ್ಷ 1,16,000 ಕೋಟಿ ಸಾಲ" ಅನ್ನೋ ಸುದ್ದಿ. ಅದು ಒಟ್ಟು ಎತ್ತುವಳಿ. ಅದರಾಗ 26,474 ಕೋಟಿ ಹಳೇ ಸಾಲದ ಅಸಲು ತೀರಿಸಾಕ ಹೋಗತೈತಿ. ಹೊಸದಾಗಿ ಬೀಳೂ ಭಾರ ಸುಮಾರು 89,500 ಕೋಟಿ. ವಿತ್ತೀಯ ಕೊರತೆ 90,428 ಕೋಟಿ ಅಂತ ಐತಲ್ಲ, ಅದಕ್ಕ ಹತ್ತಿರ ಹತ್ತಿರ. ಒಟ್ಟು ಎತ್ತುವಳಿ ಹಿಡಿದು ಬೈದರ ಎದುರಿನವರು ಒಂದೇ ಮಾತಿನಾಗ ಬಾಯಿ ಮುಚ್ಚಸತಾರ.

ಎರಡನೇದು, ಏಳೂವರೆ ಲಕ್ಷ ಕೋಟಿ ಅನ್ನೋ ಮೊತ್ತ ನೋಡಿ ಹೌಹಾರೂದು. ಸಾಲ ಯಾವಾಗಲೂ ಜಿಎಸ್‌ಡಿಪಿ ಜೋಡಿ ಇಟ್ಟು ನೋಡ್ರಿ. 30 ಲಕ್ಷ ಕೋಟಿ ದಾಟಿದ ಆರ್ಥಿಕತೆ ನಮ್ಮದು. ಮೊತ್ತಕ್ಕಿಂತ ಅನುಪಾತ ಯಾವ ಕಡೆ ನಡದೈತಿ ಅನ್ನೋದು ಮುಖ್ಯ.

ಮೂರನೇದು ಎಲ್ಲಕ್ಕಿಂತ ದೊಡ್ಡದು: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ, ಈ ಮೂರು ಬೇರೆ ಬೇರೆ. ಮಾರ್ಚಿನಾಗ ಓದೂದು ಅಂದಾಜು. ಖರೆ ಲೆಕ್ಕ ಎರಡು ವರ್ಷ ಬಿಟ್ಟು ಬರತೈತಿ. ಅಲ್ಲೀತನಕ ಕಾಯೂದು ಬ್ಯಾಡ ಅಂದ್ರ ಸರ್ಕಾರದ ಲೆಕ್ಕ ತಪಾಸಣಾ ಮಾಡೂ ಸಿಎಜಿ ಜಾಲತಾಣದಾಗ ರಾಜ್ಯವಾರು ಮಾಸಿಕ ಪ್ರಮುಖ ಸೂಚಕಗಳು ಅಂತ ಒಂದು ಪುಟ ಬರತೈತಿ. ಅದರಾಗ ಮೂರು ಸಾಲು ನೋಡ್ರಿ: ರಾಜಸ್ವ ಸ್ವೀಕೃತಿ, ರಾಜಸ್ವ ವೆಚ್ಚ, ಬಂಡವಾಳ ವೆಚ್ಚ. ಡಿಸೆಂಬರ್ ಮುಗಿದಾಗ ಬಂಡವಾಳ ವೆಚ್ಚ ವರ್ಷದ ಅಂದಾಜಿನ ಅರ್ಧಾನೂ ಮುಟ್ಟಿಲ್ಲ ಅಂದ್ರ, ಕೊರತೆ ಗೆರೆ ಒಳಗ ಇಡಾಕ ರಸ್ತೆ, ಕಾಲುವಿ ಕೆಲಸ ತಡದಾರ ಅಂತ ತಿಳಕೋರಿ. ಗುತ್ತಿಗೆದಾರರ ಬಿಲ್ ಬಾಕಿ ಉಳಿಯೂದು ಇಲ್ಲೇ. ಸಹಾಯಧನ ತಿಂಗಳಾ ತಿಂಗಳಾ ಹೋಗಲೇಬೇಕು, ಸೇತುವಿ ಕಾಯತೈತಿ.

ಹಣಕಾಸು ಇಲಾಖೆ ಜಾಲತಾಣದಾಗ ಬಜೆಟ್ ಭಾಷಣ ಅಷ್ಟ ಇಳಿಸಿಕೋಬ್ಯಾಡ್ರಿ. ಮಧ್ಯಮಾವಧಿ ವಿತ್ತೀಯ ಯೋಜನೆ ಅಂತ ಒಂದು ಪುಸ್ತಕ ಇರತೈತಿ, ಮುಂದಿನ ವರ್ಷಗಳ ಸಾಲದ ಅಂದಾಜು, ನಿಗಮಗಳ ಹೆಸರಿನಾಗ ಎತ್ತಿದ ಸಾಲ ಎಲ್ಲಾ ಅದರಾಗ ಸಿಗತಾವ.

---

ಬಯಲುಸೀಮೆ ರೈತ

ಒಂದು ಪ್ರಶ್ನೆ ಸಾರ್. ಗ್ಯಾರಂಟಿ ನಿಲ್ಲಿಸಿ ಅಂತೀರಾ, ಇಲ್ಲಾ ಸರಿ ಮಾಡಿ ಅಂತೀರಾ? ಹಳ್ಳಿಯಲ್ಲಿ ನಿಲ್ಲಿಸಿ ಅಂದರೆ ಠೇವಣಿ ಉಳಿಯಲ್ಲ.

---

ತುಂಗಾತೀರ

ಸರಿ ಮಾಡಿ ಎಂದೇ ನನ್ನ ವಾದ. ಒಂದೊಂದಾಗಿ ನೋಡೋಣ, ಐದೂ ಒಂದೇ ಜಾತಿಯವಲ್ಲ.

ಮನೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯಲ್ಲಿ ದೋಷ ವಿನ್ಯಾಸದಲ್ಲೇ ಇದೆ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಉಚಿತ, ಮಿತಿ 200 ಯುನಿಟ್. ಸರಾಸರಿ 90 ಇದ್ದ ಮನೆಗೆ 99 ಯುನಿಟ್ ಉಚಿತ, 120 ಉರಿಸಿದರೆ 21ಕ್ಕೆ ದುಡ್ಡು. ಸರಾಸರಿ 180 ಇದ್ದ ಮನೆಗೆ 198 ಉಚಿತ. ಅಂದರೆ ಮೊದಲಿನಿಂದ ಮಿತವಾಗಿ ಬಳಸಿದವನಿಗೆ ಕಡಿಮೆ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು. ಇಬ್ಬರೂ ಹತ್ತಿರದ ಮನೆಯವರೇ ಇರಬಹುದು, ಇಬ್ಬರಲ್ಲಿ ಬಡವ ಮೊದಲನೆಯವನೇ ಇರಬಹುದು. 201ನೇ ಯುನಿಟ್ ಬಿದ್ದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು: 2025-26ರ ದರದಲ್ಲಿ, ಯುನಿಟ್ಟಿಗೆ ₹5.80ರಂತೆ, ವಿದ್ಯುತ್ ದರವೇ ಸುಮಾರು 1,166 ರೂಪಾಯಿ, ಮೇಲೆ ನಿಗದಿತ ಶುಲ್ಕ, ತೆರಿಗೆ. ಎಲ್ಲ ಮನೆಗೂ ಮೊದಲ 75 ಯುನಿಟ್ ಉಚಿತ, ಮೇಲಿನದಕ್ಕೆಲ್ಲ ದರ ಎಂದು ಮಾಡಿದರೆ ಬಡವನಿಗೆ ಪೂರ್ತಿ ಸಿಗುತ್ತದೆ, ಹವಾನಿಯಂತ್ರಕದ ಮನೆಗೆ ಸ್ವಲ್ಪವೇ ಸಿಗುತ್ತದೆ. ಅರ್ಜಿ, ಸರಾಸರಿ, ಬಾಡಿಗೆದಾರರ ಗೋಳು ಯಾವುದೂ ಇರುವುದಿಲ್ಲ.

ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ 2025-26ರಲ್ಲಿ 28,608 ಕೋಟಿಯದು, ಐದರಲ್ಲಿ ಅರ್ಧಕ್ಕಿಂತ ಹೆಚ್ಚು. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರನ್ನು ಬಿಟ್ಟರೆ ಎಪಿಎಲ್ ಕಾರ್ಡಿನವರಿಗೂ ಇದೆ. ಅಂತ್ಯೋದಯ ಮತ್ತು ಬಿಪಿಎಲ್‌ಗೆ ಸೀಮಿತ ಮಾಡಿ ಎಂಬುದು ನನ್ನ ಮಾತು.

ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಬಗ್ಗೆ ನನ್ನ ಅಭಿಪ್ರಾಯ ನಮ್ಮ ಕಡೆಯವರಿಗೆ ಹಿಡಿಸಲಿಕ್ಕಿಲ್ಲ. 5,300 ಕೋಟಿಯಲ್ಲಿ ಹೆಣ್ಣುಮಕ್ಕಳು ಕಾಲೇಜಿಗೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ ಹೋಗುವಂತೆ ಆಗಿದ್ದರೆ ಅದು ದುಡಿಮೆಗೆ ಹಾಕಿದ ದುಡ್ಡು. ಅಲ್ಲಿ ತಪ್ಪಿರುವುದು ಶೂನ್ಯ ಟಿಕೆಟ್ಟಿನ ಹಣವನ್ನು ನಾಲ್ಕು ಸಾರಿಗೆ ನಿಗಮಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡದೆ ಇರುವುದು. ಬಸ್ ಹಳತಾಗುತ್ತದೆ, ಟ್ರಿಪ್ ಕಡಿತ ಆಗುತ್ತದೆ, ಕೊನೆಗೆ 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿತು.

---

ಶರಾವತಿ

"ಬಿಪಿಎಲ್‌ಗೆ ಸೀಮಿತ ಮಾಡಿ" ಎಂದು ಬರೆಯುವುದು ಸುಲಭ. 2024ರ ನವೆಂಬರಿನಲ್ಲಿ ಅನರ್ಹ ಬಿಪಿಎಲ್ ಕಾರ್ಡ್ ರದ್ದು ಮಾಡಲು ಹೊರಟಾಗ ಏನಾಯಿತು? ಅರ್ಹರ ಕಾರ್ಡೂ ಹೋಯಿತು, ಆಸ್ಪತ್ರೆ ಬಾಗಿಲಲ್ಲಿ ಜನ ನಿಂತರು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರದ್ದು ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಕೊಡಬೇಕಾಯಿತು. ಆಗ ಬೀದಿಗಿಳಿದು ವಿರೋಧಿಸಿದವರು ಯಾರು? ನಿಮ್ಮ ಬಿಜೆಪಿಯವರೇ. ಪಟ್ಟಿ ಸೋಸಿದರೆ ಮೊದಲು ಬಿದ್ದುಹೋಗುವವರು ಕಾಗದಪತ್ರ ಸರಿ ಇಲ್ಲದ ಬಡವರು. ಶ್ರೀಮಂತನ ಕಾಗದ ಯಾವತ್ತೂ ಸರಿಯಾಗೇ ಇರುತ್ತದೆ.

ಈಗಲೇ ನೋಡಿ. ಗೃಹಲಕ್ಷ್ಮಿ ದುಡ್ಡು ನಿಲ್ಲುವುದಕ್ಕೆ ಸಾಮಾನ್ಯ ಕಾರಣಗಳು ನಾಲ್ಕು: ಖಾತೆಗೆ ಆಧಾರ್ ಜೋಡಣೆ ಆಗಿದ್ದರೂ ಎನ್‌ಪಿಸಿಐ (ದೇಶದ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಎಂಬ ನಮೂದು, ಬೇರೆ ಹಳೆ ಖಾತೆಯ ಮೇಲೆ ಕೂತಿರುವುದು, ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಆಧಾರ್ ಹೆಸರಿಗೆ ಹೊಂದದಿರುವುದು, ಇ-ಕೆವೈಸಿ ಬಾಕಿ, ಗಂಡನ ಹೆಸರಲ್ಲಿ ಎಂದೋ ತೆಗೆದು ಬಿಟ್ಟ ಜಿಎಸ್‌ಟಿ ನೋಂದಣಿ. ಕೊನೆಯದಕ್ಕೆ ಆ ನೋಂದಣಿಯನ್ನು ಮೊದಲು ರದ್ದು ಮಾಡಿಸಿಕೊಳ್ಳಬೇಕು. ಮ್ಯಾಪಿಂಗ್ ಸಮಸ್ಯೆ ಇದ್ದರೆ ಬ್ಯಾಂಕಿಗೆ ಹೋಗಿ ಬರೀ ಆಧಾರ್ ಲಿಂಕ್ ಎಂದು ಕೇಳಬೇಡಿ, ಡಿಬಿಟಿಗೆ (ನೇರ ಹಣ ವರ್ಗಾವಣೆಗೆ) ಈ ಖಾತೆಯನ್ನು ಎನ್‌ಪಿಸಿಐಯಲ್ಲಿ ಜೋಡಿಸಿ ಎಂದು ಬರೆದು ಕೊಡಿ. ಎರಡೂ ಬೇರೆ ಬೇರೆ ಕೆಲಸ.

---

ಲೆಕ್ಕಪತ್ರ ಹುಬ್ಬಳ್ಳಿ

ಶರಾವತಿ ಅಕ್ಕಾರ ಮಾತು ಖರೆ. ಆದ್ರ ಎಲ್ಲಾರಿಗೂ ಕೊಡತೀವಿ ಅಂದ್ರ ದುಡ್ಡು ಎಲ್ಲಿಂದ ಬಂತು ಅನ್ನೋದೂ ಹೇಳಬೇಕಲ್ರಿ. 2024ರ ಜೂನಿನಾಗ ಪೆಟ್ರೋಲ್ ಮ್ಯಾಲಿನ ತೆರಿಗಿ ಶೇ 25.92ರಿಂದ 29.84ಕ್ಕ ಏರಿತು, ಲೀಟರಿಗೆ ಮೂರು ರೂಪಾಯಿ. ಡೀಸೆಲ್ ಎರಡು ಸಲ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆತು. 40 ಲಕ್ಷದ ಮನಿ ತಗೊಂಡ್ರ ನಲವತ್ತು ಸಾವಿರ ಜಾಸ್ತಿ. ಎರಡು ಸಾವಿರ ರೂಪಾಯಿ ಲೆಕ್ಕದಾಗ ಅದು ಇಪ್ಪತ್ತು ತಿಂಗಳ ಗೃಹಲಕ್ಷ್ಮಿ. ಕರೆಂಟಿನ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯುನಿಟ್ಟಿಗೆ 36 ಪೈಸೆ 2025ರ ಏಪ್ರಿಲ್‌ನಿಂದ ಬಿಲ್ಲಿನಾಗ ಬಂತು.

ನನಗ ಎಲ್ಲಕ್ಕಿಂತ ಚುಚ್ಚೂದು ಅಬಕಾರಿ. 2025-26ರ ಗುರಿ 40,000 ಕೋಟಿ. ಗೃಹಲಕ್ಷ್ಮಿಗೆ ಕೊಡೂದು 28,608 ಕೋಟಿ. ಹೆಂಡತಿ ಖಾತೆಗೆ ಹಾಕೂ ರೊಕ್ಕ ಗಂಡನ ಕಿಸೆಯಿಂದ ಸಾರಾಯಿ ಅಂಗಡಿ ಮುಖಾಂತರ ಬರಬೇಕು ಅಂದ್ರ, ಸಂಸಾರ ಉಳಸೂ ಯೋಜನಾ ಅಂತ ಅದನ್ನ ಹೆಂಗ ಕರೀಲಿ? ಬಿಜೆಪಿ ಇದ್ದಾಗಲೂ ಅಬಕಾರಿ ಗುರಿ ವರ್ಷಾ ವರ್ಷಾ ಏರಿಸಿದ್ರು, ಅದನ್ನೂ ಹೇಳತೀನಿ. ಕುಟುಂಬ, ಸಂಸ್ಕಾರ ಅಂತ ಮಾತಾಡೂ ಪಕ್ಷ ಒಂದು ವರ್ಷಾನೂ ಆ ಗುರಿ ಇಳಿಸಲಿಲ್ಲ.

---

ಶರಾವತಿ

ಅಬಕಾರಿ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ ಅಣ್ಣ. ಅದರಲ್ಲಿ ಎಡ ಬಲ ಇಲ್ಲ.

---

ಕಾವೇರಿ ಕಣಿವೆ

ದಿಲ್ಲಿಯ ತಕ್ಕಡಿಯ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ. ತೆರಿಗೆ ಪಾಲು ಕೇಳಿದರೆ ದೇಶದ್ರೋಹ ಎನ್ನುವ ನಮ್ಮ ಗೆಳೆಯರಿಗಾಗಿ ಇದು.

ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದ್ದ ಪಾಲಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಕಾರಣ ಸೂತ್ರ: ತಲಾ ಆದಾಯದ ಅಂತರಕ್ಕೆ ಶೇ 45 ತೂಕ, 2011ರ ಜನಸಂಖ್ಯೆಗೆ ಶೇ 15. ಬೆಂಗಳೂರಿನಿಂದಾಗಿ ನಮ್ಮ ಸರಾಸರಿ ತಲಾ ಆದಾಯ ಮೇಲೇರಿದಷ್ಟೂ ಪಾಲು ಇಳಿಯುತ್ತದೆ. ಯಾದಗಿರಿಯ ತಲಾ ಆದಾಯವನ್ನು ಆಯೋಗ ಬೇರೆಯಾಗಿ ನೋಡುವುದಿಲ್ಲ. ಜೊತೆಗೆ, ಅದೇ ಆಯೋಗ ತನ್ನ ಮಧ್ಯಂತರ ವರದಿಯಲ್ಲಿ ನಮಗೆ ಶಿಫಾರಸು ಮಾಡಿದ್ದ 5,495 ಕೋಟಿ ವಿಶೇಷ ಅನುದಾನ ಬರಲಿಲ್ಲ. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಬಿಜೆಪಿಯೇ ಇತ್ತು. 25 ಸಂಸದರೂ ಇದ್ದರು. ಸಂಪ್ರದಾಯವಾದಿಗಳು ಆಗ ಗಟ್ಟಿಯಾಗಿ ಕೇಳಬೇಕಿತ್ತು.

ಸೆಸ್ ಮತ್ತು ಸರ್ಚಾರ್ಜ್ ಇನ್ನೊಂದು. 270ನೇ ವಿಧಿಯಂತೆ ಅವು ಹಂಚಿಕೆಯ ಬುಟ್ಟಿಗೆ ಬೀಳುವುದಿಲ್ಲ. ಶೇ 41 ಎಂದು ಕೇಳಿಸುವುದು ಒಟ್ಟು ತೆರಿಗೆಯ ಶೇ 41 ಅಲ್ಲ, ಇವೆರಡನ್ನೂ ಸಂಗ್ರಹ ವೆಚ್ಚವನ್ನೂ ಕಳೆದು ಉಳಿದದ್ದರ ಶೇ 41. ಮೂಲ ತೆರಿಗೆ ಏರಿಸದೆ ಸೆಸ್ ಏರಿಸಿದರೆ ರಾಜ್ಯಕ್ಕೆ ನಯಾಪೈಸೆ ಇಲ್ಲ. ಅಧಿಕಾರ ಮೇಲೆ ಸೇರಿಕೊಳ್ಳಬಾರದು ಎನ್ನುವವರು ಮೊದಲು ವಿರೋಧಿಸಬೇಕಾದ ಪದ್ಧತಿ ಇದು.

ಆದರೆ ರಾಜ್ಯ ಸರ್ಕಾರದ ಪ್ರಚಾರದಲ್ಲೂ ಒಂದು ತಪ್ಪಿದೆ. "ನಾವು ಕೊಟ್ಟ ಇಷ್ಟು ಲಕ್ಷ ಕೋಟಿ" ಎನ್ನುವಾಗ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ತೆರಿಗೆಯನ್ನೆಲ್ಲ ಕರ್ನಾಟಕದ್ದೆಂದು ಲೆಕ್ಕ ಹಾಕುತ್ತಾರೆ. ಕಂಪನಿಯ ನೋಂದಾಯಿತ ಕಚೇರಿ ಇಲ್ಲಿದೆ ಅಷ್ಟೆ, ವ್ಯಾಪಾರ ದೇಶದುದ್ದಕ್ಕೂ ಇದೆ. ಮುಂಬೈ ಕೂಡ ಹೀಗೇ ವಾದಿಸಬಹುದು. ನಮ್ಮ ನ್ಯಾಯವಾದ ಬೇಡಿಕೆಗೆ ಈ ಉಬ್ಬಿಸಿದ ಅಂಕಿ ಬೇಕಿಲ್ಲ.

16ನೇ ಆಯೋಗ ದೇಶದ ಜಿಡಿಪಿಗೆ ರಾಜ್ಯ ಕೊಡುವ ಪಾಲಿಗೂ ಶೇ 10 ತೂಕ ಇಟ್ಟು, 2026ರಿಂದ ನಮ್ಮದನ್ನು ಶೇ 4.13ಕ್ಕೆ ತಂದಿದೆ. ಪೂರ್ತಿ ಹಿಂದಿನಷ್ಟಾಗಲಿಲ್ಲ. ಆದರೆ ದುಡಿಯುವ ರಾಜ್ಯಕ್ಕೂ ತೂಕ ಇರಬೇಕೆಂಬ ತತ್ವ ಒಪ್ಪಿತವಾಯಿತು, ಅದು ಸಣ್ಣದಲ್ಲ.

---

ಕರಾವಳಿಗ

ದುಡ್ಡಿನ ವಿಚಾರ ಆಯಿತು. ತುಂಗಾತೀರರು ಹೇಳಿದ ಎರಡನೆಯದಕ್ಕೆ ಬರುವಾ, ದೇವಸ್ಥಾನ. ಇದರಲ್ಲಿ ನಮ್ಮವರು ಭಾಷಣ ಮಾಡುವುದು ಜಾಸ್ತಿ, ಕಾಯ್ದೆ ಓದುವುದು ಕಡಿಮೆ.

ಧಾರ್ಮಿಕ ದತ್ತಿ ಕಾಯ್ದೆ 1997ರದ್ದು, ಜಾರಿಯಾದದ್ದು 2003ರಲ್ಲಿ. ಮುಜರಾಯಿಗೆ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಗೆ, ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ ವರ್ಷಕ್ಕೆ 25 ಲಕ್ಷದ ಮೇಲೆ ಆದಾಯ ಇದ್ದರೆ ಎ ವರ್ಗ, 5ರಿಂದ 25 ಲಕ್ಷ ಬಿ ವರ್ಗ, ಉಳಿದದ್ದು ಸಿ. ಬಹುಪಾಲು ಸಿ ವರ್ಗವೇ. ಮಠಗಳು ಮತ್ತು ಮಠಕ್ಕೆ ಸೇರಿದ ದೇವಸ್ಥಾನಗಳು ಈ ಕಾಯ್ದೆಯ ಹೊರಗೆ. ಹಾಗಾಗಿ ಕುಕ್ಕೆ, ಕೊಲ್ಲೂರು ಒಳಗೆ, ಉಡುಪಿ ಕೃಷ್ಣಮಠ ಹೊರಗೆ.

ಈಗಿನ ನಿಯಮದಲ್ಲಿ ವರ್ಷದ ಆದಾಯ 5ರಿಂದ 10 ಲಕ್ಷ ಇದ್ದರೆ ನಿವ್ವಳದ (ಖರ್ಚು ಕಳೆದು ಉಳಿದದ್ದರ) ಶೇ 5, ಅದಕ್ಕೂ ಮೇಲಾದರೆ ನಿವ್ವಳದ ಶೇ 10 ಬಡ ದೇವಸ್ಥಾನಗಳಿಗೆ ನೆರವಾಗುವ ಸಾಮಾನ್ಯ ಸಂಗ್ರಹ ನಿಧಿಗೆ ಹೋಗುತ್ತದೆ. 2024ರ ತಿದ್ದುಪಡಿ ಮಸೂದೆಯಲ್ಲಿ ಮಿತಿಗಳ ಜೊತೆಗೆ ಒಂದು ಪದವೂ ಬದಲಾಯಿತು, ನಿವ್ವಳ ಹೋಗಿ ಒಟ್ಟು ಆದಾಯ ಬಂತು. 10 ಲಕ್ಷದಿಂದ 1 ಕೋಟಿಗೆ ಶೇ 5, 1 ಕೋಟಿ ದಾಟಿದರೆ ಶೇ 10. ಆ ಒಂದು ಪದ ಏನು ಮಾಡುತ್ತದೆ ನೋಡಿ. ಒಂದು ದೇವಸ್ಥಾನಕ್ಕೆ ವರ್ಷಕ್ಕೆ ಹುಂಡಿ, ಸೇವೆ, ಬಾಡಿಗೆ ಸೇರಿ 1 ಕೋಟಿ 20 ಲಕ್ಷ ಬರುತ್ತದೆ. ನಿತ್ಯಪೂಜೆ, ಅನ್ನದಾನ, ಸಂಬಳ, ಜಾತ್ರೆ, ದುರಸ್ತಿಗೆ 90 ಲಕ್ಷ ಹೋಗುತ್ತದೆ. ಉಳಿಯುವುದು 30 ಲಕ್ಷ. ಈಗ ಕೊಡಬೇಕಾದದ್ದು 3 ಲಕ್ಷ. ಮಸೂದೆಯಂತೆ 12 ಲಕ್ಷ, ಅಂದರೆ ಉಳಿಕೆಯ ಶೇ 40. ಅನ್ನದಾನ ಹೆಚ್ಚು ಮಾಡುವ ದೇವಸ್ಥಾನಕ್ಕೆ ಹೆಚ್ಚು ಪೆಟ್ಟು, ಯಾಕಂದರೆ ಖರ್ಚು ಮಾಡಿದ ಅಕ್ಕಿ ಬೇಳೆಯ ಮೇಲೂ ಪಾಲು ಕೊಡಬೇಕು.

ಮಸೂದೆ 2024ರ ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು, ವಿಧಾನಸಭೆ ಮತ್ತೆ ಒಪ್ಪಿತು, ರಾಜ್ಯಪಾಲರು ಸಹಿ ಹಾಕದೆ ರಾಷ್ಟ್ರಪತಿಗಳ ಪರಿಶೀಲನೆಗೆ ಕಳಿಸಿದರು.

ಈಗ ನಮ್ಮವರ ತಪ್ಪು. "ಹುಂಡಿ ದುಡ್ಡು ಬೇರೆ ಧರ್ಮದವರಿಗೆ ಹೋಗುತ್ತದೆ" ಎಂದು ಸಂದೇಶ ಹರಿಯಬಿಡುವವರು ಕಾಯ್ದೆಯ 19ನೇ ಕಲಮು ನೋಡಿ. ಆ ನಿಧಿ ಹಿಂದೂ ಸಂಸ್ಥೆಗಳ ಹೊರಗೆ ಹೋಗುವ ಹಾಗಿಲ್ಲ. ನಿಜವಾದ ಆಕ್ಷೇಪ ಇದ್ದಾಗ ಸುಳ್ಳು ಆಕ್ಷೇಪ ಯಾಕೆ? ಮತ್ತೊಂದು: ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸುವ ಕಾನೂನು ತರುತ್ತೇವೆ ಎಂದು 2021ರ ಡಿಸೆಂಬರಿನಲ್ಲಿ ಬೊಮ್ಮಾಯಿಯವರು ಹೇಳಿದ್ದರು. 2023ರ ಮೇ ತನಕ ಸಮಯ ಇತ್ತು. ಬರಲಿಲ್ಲ.

---

ಬಯಲುಸೀಮೆ ರೈತ

ಹಂಗಾದ್ರೆ ನಮ್ಮ ಊರಿನಂಥ ಸಿ ವರ್ಗದ ಗುಡಿಗೆ ಆ ನಿಧಿಯಿಂದಲೇ ದುಡ್ಡು ಬರೋದಲ್ವಾ? ಬಿಟ್ಟರೆ ದೀಪದ ಎಣ್ಣೆಗೆ ಯಾರು ಕೊಡ್ತಾರೆ?

---

ಕರಾವಳಿಗ

ಒಳ್ಳೆ ಪ್ರಶ್ನೆ ಕೇಳಿದಿರಿ, ಇದನ್ನೇ ನಮ್ಮವರು ತಪ್ಪಿಸಿಕೊಳ್ಳುವುದು. ಸಿ ವರ್ಗಕ್ಕೆ ಬರುವುದರಲ್ಲಿ ಎರಡು ಬಗೆ. ತಸ್ತೀಕು ಬೇರೆ, ಸಂಗ್ರಹ ನಿಧಿಯ ಅನುದಾನ ಬೇರೆ. ತಸ್ತೀಕು ಸರ್ಕಾರದ ಔದಾರ್ಯ ಅಲ್ಲ. ಇನಾಂ ರದ್ದತಿ ಕಾಯ್ದೆಗಳಲ್ಲಿ ದೇವರ ಹೆಸರಿನ ಜಮೀನು ಹೋಯಿತಲ್ಲ, ಅದಕ್ಕೆ ಕೊಡುವ ವಾರ್ಷಿಕ ಪರಿಹಾರ. ವರ್ಷಕ್ಕೆ 48,000 ಇದ್ದದ್ದು 60,000 ಆಯಿತು, 2025-26ರ ಬಜೆಟ್ಟಿನಲ್ಲಿ 72,000 ಆಯಿತು, ತಿಂಗಳಿಗೆ ಆರು ಸಾವಿರದ ಲೆಕ್ಕ. ಆ ದುಡ್ಡಿನಲ್ಲೇ ಎಣ್ಣೆ, ಬತ್ತಿ, ನೈವೇದ್ಯದ ಅಕ್ಕಿ, ಅರ್ಚಕರ ಜೀವನ ಎಲ್ಲ. ಕಳೆದುಕೊಂಡ ಗದ್ದೆಯ ಇಂದಿನ ಗೇಣಿಗೆ ಇದನ್ನು ಹೋಲಿಸಿ ನೋಡಿ.

ಹಾಗಾಗಿ ನನ್ನ ನಿಲುವು ಹೀಗೆ: ದೊಡ್ಡ ದೇವಸ್ಥಾನ ಸಣ್ಣದಕ್ಕೆ ಸಹಾಯ ಮಾಡಲಿ, ನಿವ್ವಳದ ಶೇ 10 ನ್ಯಾಯವೇ. ಆದರೆ ನಿಧಿಯ ಕೀಲಿಕೈ ಇಲಾಖೆಯ ಹತ್ತಿರ ಬೇಡ, ಜಿಲ್ಲೆಯ ಆಡಳಿತ ಮಂಡಳಿಗಳೇ ಆರಿಸಿದ ಒಂದು ಸಭೆಯ ಹತ್ತಿರ ಇರಲಿ, ಲೆಕ್ಕ ಪ್ರತಿ ವರ್ಷ ದೇವಸ್ಥಾನದ ಫಲಕದಲ್ಲಿ ಬರಲಿ. ವ್ಯವಸ್ಥಾಪನಾ ಸಮಿತಿ ಒಂಬತ್ತು ಜನರದ್ದು. ಅರ್ಚಕರು, ಇಬ್ಬರು ಮಹಿಳೆಯರು, ಪರಿಶಿಷ್ಟರಲ್ಲಿ ಒಬ್ಬರು ಇರಲೇಬೇಕು ಎಂಬುದು ಒಳ್ಳೆಯ ನಿಯಮ. ಸರ್ಕಾರ ಬದಲಾದ ಹಾಗೆ ಸಮಿತಿಗೆ ಆಳುವ ಪಕ್ಷದ ಕಾರ್ಯಕರ್ತರನ್ನು ತುಂಬುವುದು ಮಾತ್ರ ಎರಡೂ ಪಕ್ಷದವರ ಚಾಳಿ. ಅರ್ಜಿ ಕರೆದಾಗ ಊರವರು ಹಾಕುವುದಿಲ್ಲ, ಆಮೇಲೆ ದೂರುತ್ತೇವೆ.

---

ಬಯಲುಸೀಮೆ ರೈತ

ಗದ್ದೆ ಮಾತು ಬಂತಲ್ಲ, 2024ರಲ್ಲಿ ವಿಜಯಪುರ ಹೊನವಾಡದಲ್ಲಿ ರೈತರ ಜಮೀನು ವಕ್ಫ್ ಆಸ್ತಿ ಅಂತ ನೋಟಿಸ್ ಬಂದು ಗಲಾಟೆ ಆದಮೇಲೆ ಪಹಣಿ ನೋಡ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಏನು ನೋಡಬೇಕು?

---

ಲೆಕ್ಕಪತ್ರ ಹುಬ್ಬಳ್ಳಿ

ಕಾಲಂ 9ರಾಗ ನಿಮ್ಮ ಹೆಸರು, ವಿಸ್ತೀರ್ಣ ಸರಿ ಐತೋ ನೋಡ್ರಿ. ಕಾಲಂ 10ರಾಗ ಅದು ಯಾವ ಮ್ಯುಟೇಶನ್ನಿಂದ (ಹಕ್ಕು ಬದಲಾವಣೆಯಿಂದ) ಬಂತು ಅನ್ನೋ ನಂಬರ್ ಇರತೈತಿ. ಮುಖ್ಯ ಕಾಲಂ 11, ಇತರೆ ಹಕ್ಕು ಮತ್ತು ಋಣ. ಬ್ಯಾಂಕಿನ ಬೋಜಾ ಬರೂದೂ ಅಲ್ಲೇ, ಬ್ಯಾರೆ ಯಾರಾದರೂ ಹಕ್ಕು ಹೇಳಿದ್ದು ದಾಖಲಾಗೂದೂ ಅಲ್ಲೇ. ನಿಮಗ ಗೊತ್ತಿಲ್ಲದ ಹೆಸರು ಅಲ್ಲಿ ಇದ್ರ ಮೊದಲು ಆ ಮ್ಯುಟೇಶನ್ ನಕಲು ತಗೋರಿ, ಯಾರ ಅರ್ಜಿ ಮ್ಯಾಲೆ, ಯಾವ ಆದೇಶದ ಮ್ಯಾಲೆ ಬಂತು ಅನ್ನೋದು ಅದರಾಗ ಇರತೈತಿ. ಆಮ್ಯಾಲ ಭೂಕಂದಾಯ ಕಾಯ್ದೆ 136(2)ರ ಪ್ರಕಾರ ಉಪವಿಭಾಗಾಧಿಕಾರಿ ಮುಂದ 60 ದಿನದಾಗ ಮೇಲ್ಮನವಿ. ಬರೇ ತಹಶೀಲ್ದಾರಗ ಮನವಿ ಪತ್ರ ಕೊಟ್ಟು ಕುಂತ್ರ ದಿನ ಕಳೀತಾವ, ಮಂದಿ ಸೋಲೂದು ಅಲ್ಲೇ. ವಕ್ಫ್ ಇರಲಿ, ಅಣ್ಣತಮ್ಮರ ಜಗಳ ಇರಲಿ, ದಾರಿ ಒಂದೇ.

ಹೊನವಾಡದ್ದು ನೋಟಿಸ್ ವಾಪಸ್ ತಗೊಳ್ರಿ ಅಂತ ಸರ್ಕಾರಾನೇ ಹೇಳಿತು. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಪೂರ್ತಿ ತಡದಾರ ಅಂತ ಕೆಲವರು, ಪೂರ್ತಿ ಒಪ್ಯಾರ ಅಂತ ಕೆಲವರು ಬರೀತಾರ. ಎರಡೂ ತಪ್ಪು. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಾಗ ಸುಪ್ರೀಂ ಕೋರ್ಟ್ ಕೆಲವು ಕಲಂ ಅಷ್ಟ ತಡದೈತಿ.

---

ಕಾವೇರಿ ಕಣಿವೆ

ಮೂರನೆಯದು ಉಳಿದಿದೆ, ಊರಿನ ಕೆಲಸ ಊರಿನಲ್ಲಿ. ನನ್ನ ಪ್ರಕಾರ ಅತಿ ದೊಡ್ಡ ಅಪರಾಧ ಇಲ್ಲೇ ನಡೆದಿದೆ, ಅತಿ ಕಡಿಮೆ ಚರ್ಚೆಯೂ ಇದರದ್ದೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಸಬೇಕು ಎಂದು 243ಇ ವಿಧಿ ಹೇಳುತ್ತದೆ. ಮೊದಲು ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟು ಮುಂದೂಡಿತು. ಆಮೇಲೆ ಕಾಂಗ್ರೆಸ್ ಸರ್ಕಾರ ಮೀಸಲಾತಿ ಪಟ್ಟಿಯ ಹೆಸರಲ್ಲಿ ಮುಂದೂಡಿತು. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ಆದದ್ದು, 2020ರ ಸೆಪ್ಟೆಂಬರಿನಿಂದ ಆಡಳಿತಾಧಿಕಾರಿಗಳ ರಾಜ್ಯ. ಈಗ ಐದು ಪಾಲಿಕೆ ಮಾಡಿ ಮೇಲೊಂದು ಪ್ರಾಧಿಕಾರ ಇಟ್ಟಿದ್ದಾರೆ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಪಂಚಾಯತ್ ಕಾನೂನನ್ನು ದೇಶಕ್ಕೆ ಮಾದರಿಯಾಗಿ ಕೊಟ್ಟ ರಾಜ್ಯ ಇದು.

---

ಶರಾವತಿ

ಇದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವೇ ಇಲ್ಲ. ಶಾಸಕರಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಎಂದರೆ ಮುಂದಿನ ಚುನಾವಣೆಯ ಪೈಪೋಟಿದಾರ. ಎರಡೂ ಪಕ್ಷದ ಶಾಸಕರಿಗೆ ಖಾಲಿ ಕುರ್ಚಿಯೇ ಅನುಕೂಲ.

---

ತುಂಗಾತೀರ

ಇದಕ್ಕೆ ದುಡ್ಡಿನ ಬೆಲೆಯೂ ಇದೆ. ಹಣಕಾಸು ಆಯೋಗದ ಸ್ಥಳೀಯ ಸಂಸ್ಥೆಗಳ ಅನುದಾನ ಚುನಾಯಿತ ಸಂಸ್ಥೆಗೆ ಮಾತ್ರ ಬರುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಯಲ್ಲಿ ಚುನಾಯಿತರೇ ಇಲ್ಲದ ಕಾರಣ ಆ ಪಾಲು ನಿಂತಿದೆ. ತೆರಿಗೆ ಪಾಲು ಶೇ 3.647 ಸಾಲದು ಎಂದು 2024ರಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಗೆ ಕೂತ ಸರ್ಕಾರ, ಒಂದು ಚುನಾವಣೆ ನಡೆಸಿದರೆ ಬರುವ ದುಡ್ಡನ್ನು ಬಿಟ್ಟುಕೊಟ್ಟು ಕೂತಿದೆ.

ರೈತರೇ, ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ನೋಡಬಹುದು. 2025-26ರವರೆಗಿನ 15ನೇ ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಶೇ 40 ಪಂಚಾಯಿತಿ ತನ್ನ ಇಷ್ಟದಂತೆ ಖರ್ಚು ಮಾಡುವಂಥದ್ದು. ಸಂಬಳಕ್ಕೆ ಬಳಸುವಂತಿರಲಿಲ್ಲ. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಕಾಮಗಾರಿವಾರು ಬಿಲ್ ಕಾಣುತ್ತದೆ. ಗ್ರಾಮಸಭೆಗೆ ಮೊದಲು ಅದನ್ನು ಮುದ್ರಿಸಿಕೊಂಡು ಹೋಗಿ. ಪಿಡಿಒ ಹತ್ತಿರ ಬಿಲ್ ನಂಬರ್ ಹಿಡಿದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕುವ ಮುಂಚೆ ಬರೆದದ್ದನ್ನು ಓದಿಸಿ.

---

ಬಯಲುಸೀಮೆ ರೈತ

ನಮ್ಮ ಪಂಚಾಯ್ತಿದು ತೆಗೆದು ನೋಡ್ತಾ ಇದೀನಿ. ನಡಾವಳಿಗೆ ಪ್ರಶ್ನೆ ಬರೆದೇ ಕೊಡಬೇಕಾ, ಬಾಯಲ್ಲಿ ಕೇಳಿದರೆ ಸಾಕಾ?

---

ತುಂಗಾತೀರ

ಬಾಯಲ್ಲೂ ಕೇಳಬಹುದು. ಆದರೆ ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಡಾವಳಿಯಲ್ಲಿ ಬಿಟ್ಟುಹೋದರೆ ಆ ಮೊಹರೇ ಆಧಾರ.